ಒಂದು ಟ್ಯಾಬ್, ನಾಲ್ಕು ಮಕ್ಕಳು

ಪ್ರಾಥಮಿಕ ಶಾಲೆಯ ಯಾವುದಾದರೂ ತರಗತಿಯಲ್ಲಿ ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್ ಕೊಟ್ಟು, "ಗುಂಪಾಗಿ ಮಾಡಿ" ಎಂದು ಹೇಳಿ ಐದು ನಿಮಿಷ ಸುಮ್ನೆ ನಿಂತು ನೋಡಿ. ಒಬ್ಬಳು ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಾಳೆ. ಇನ್ನೊಬ್ಬ ಅವಳ ಭುಜದ ಮೇಲಿಂದ ಬಗ್ಗಿ, "ಅದನ್ನ ಒತ್ತು, ಅದಲ್ಲ, ಪಕ್ಕದ್ದು" ಎನ್ನುತ್ತಿರುತ್ತಾನೆ. ಮೂರನೆಯವಳು "ನಂಗ್ಯಾವಾಗ ಕೊಡ್ತೀಯಾ" ಎಂದು ಎರಡು ಸಲ ಕೇಳಿ ಸುಮ್ಮನಾಗಿರುತ್ತಾಳೆ. ನಾಲ್ಕನೆಯವನು ಬೆಂಚಿನ ಕೆಳಗೆ ಬಿದ್ದ ರಬ್ಬರ್ ಹುಡುಕುತ್ತಿರುತ್ತಾನೆ. ಐದು ನಿಮಿಷ ಕಳೆದ ಮೇಲೂ ಹುಡುಕುತ್ತಲೇ ಇರುತ್ತಾನೆ.

ದೂರದಿಂದ ನೋಡಿದರೆ ಯಾವುದಕ್ಕೂ ಕೊರತೆಯಿಲ್ಲ. ಟೆಕ್ನಾಲಜಿ ಇದೆ, ಗುಂಪು ಇದೆ, ಪ್ರಾಜೆಕ್ಟ್ ಇದೆ. ಫೋಟೊ ತೆಗೆದರೆ ಚೆನ್ನಾಗಿಯೇ ಬರುತ್ತದೆ. ಆದರೆ ಕಲಿಯುತ್ತಿರುವುದು ಒಬ್ಬಳು, ಹೆಚ್ಚೆಂದರೆ ಒಂದೂವರೆ ಮಂದಿ.

ಇಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಆ ನಾಲ್ಕನೆಯ ಹುಡುಗನನ್ನು ಬೈಯುತ್ತೇವೆ. ಇಲ್ಲವೇ ಟ್ಯಾಬ್ ಸಾಲದು, ನಾಲ್ಕು ಇದ್ದಿದ್ದರೆ ಸರಿಹೋಗುತ್ತಿತ್ತು ಎನ್ನುತ್ತೇವೆ. ನನ್ನ ಪ್ರಕಾರ ಎರಡೂ ತಪ್ಪು. ಅಲ್ಲಿ ಕೊಟ್ಟ ಕೆಲಸಕ್ಕೆ ನಾಲ್ಕು ಜನ ಬೇಕಾಗಿಯೇ ಇರಲಿಲ್ಲ. ಒಬ್ಬರು ಮಾಡುವ ಕೆಲಸವನ್ನು ನಾಲ್ವರಿಗೆ ಕೊಟ್ಟರೆ ಮೂವರು ಪ್ರೇಕ್ಷಕರಾಗುತ್ತಾರೆ, ಅಷ್ಟೇ.

ಹಗ್ಗ ಎಳೆದ ಲೆಕ್ಕ

ಇದು ಮಕ್ಕಳ ಸಮಸ್ಯೆ ಮಾತ್ರ ಅಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ 1880ರ ದಶಕದಲ್ಲಿ ದೊಡ್ಡವರ ಕೈಯಲ್ಲಿ ಹಗ್ಗ ಎಳೆಸಿ, ಎಷ್ಟು ಬಲ ಬೀಳುತ್ತದೆ ಎಂದು ಅಳೆದ. ಒಬ್ಬೊಬ್ಬರೇ ಎಳೆದ ಬಲವನ್ನು ಕೂಡಿದರೆ ಎಷ್ಟಾಗಬೇಕೋ, ಗುಂಪಾಗಿ ಎಳೆದಾಗ ಅಷ್ಟು ಬರಲಿಲ್ಲ. ಇಬ್ಬರಿದ್ದಾಗ ಸ್ವಲ್ಪ ಕಡಿಮೆ, ಮೂವರಿದ್ದಾಗ ಇನ್ನೂ ಸ್ವಲ್ಪ ಕಡಿಮೆ. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಕಾರಣ ಎರಡು. ಒಂದು, ಎಲ್ಲರೂ ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಎರಡು, "ಉಳಿದವರು ಎಳೀತಿದ್ದಾರಲ್ಲ" ಎನ್ನುವ ಭಾವನೆ. ಈ ಎರಡನೆಯದನ್ನು ಅಮೆರಿಕದ ಮನಃಶಾಸ್ತ್ರಜ್ಞರು 1979ರಲ್ಲಿ ಚಪ್ಪಾಳೆ ತಟ್ಟಿಸಿ, ಕೂಗಿಸಿ ಮತ್ತೆ ಪರೀಕ್ಷಿಸಿದರು. ಗುಂಪಿನಲ್ಲಿ ಇದ್ದಾಗ ಜನ ಒಬ್ಬರೇ ಇದ್ದಾಗಿನಷ್ಟು ಜೋರಾಗಿ ಕೂಗಲಿಲ್ಲ. ಮುಂದೆ ನಡೆದ ಪ್ರಯೋಗದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಗುಂಪಿನಲ್ಲಿದ್ದರೂ ನನ್ನ ದನಿ ಬೇರೆಯಾಗಿ ಅಳತೆಗೆ ಸಿಗುತ್ತದೆ ಎಂದು ತಿಳಿದಾಗ ಆ ಕಳ್ಳಾಟ ಹೆಚ್ಚುಕಡಿಮೆ ಮಾಯವಾಯಿತು.

ತರಗತಿಗೆ ಬೇಕಾದ ಸೂತ್ರ ಇದರಲ್ಲೇ ಇದೆ. ಗುರಿ ಗುಂಪಿನದಾಗಿರಬೇಕು. ಆದರೆ ಪ್ರತಿ ಮಗುವಿನ ಪಾಲು ಬೇರೆಯಾಗಿ ಕಾಣಬೇಕು. ಗುಂಪಿನಲ್ಲಿ ಕಲಿಸುವ ವಿಧಾನಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ರಾಬರ್ಟ್ ಸ್ಲಾವಿನ್ ಒತ್ತಿ ಹೇಳಿದ್ದೂ ಇವೆರಡನ್ನೇ. ಎರಡರಲ್ಲಿ ಒಂದು ತಪ್ಪಿದರೂ ಗುಂಪು ಕುಂಟುತ್ತದೆ.

ಇದನ್ನು ತುಂಬ ಚೆನ್ನಾಗಿ ಸಾಧಿಸಿದ ವಿಧಾನವೆಂದರೆ ಜಿಗ್‌ಸಾ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ, ಅಲ್ಲಿಯವರೆಗೆ ಬೇರೆಬೇರೆ ಕಡೆ ಓದುತ್ತಿದ್ದ ಕರಿಯ, ಬಿಳಿಯ ಮತ್ತು ಲ್ಯಾಟಿನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದರು. ಜಗಳ ಜಾಸ್ತಿಯಾಯಿತು. ಮನಃಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಇದಕ್ಕೆ ಒಂದು ಉಪಾಯ ಹುಡುಕಿದರು. ಪಾಠವನ್ನು ತುಂಡು ಮಾಡಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದೇ ತುಂಡು ಕೊಟ್ಟರು. ಒಂದೇ ತುಂಡು ಸಿಕ್ಕ ಬೇರೆಬೇರೆ ಗುಂಪಿನ ಮಕ್ಕಳು ಮೊದಲು ಒಟ್ಟಿಗೆ ಕೂತು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಆಮೇಲೆ ತಮ್ಮ ಗುಂಪಿಗೆ ವಾಪಸ್ ಬಂದು ಹೇಳಿಕೊಡುತ್ತಾರೆ. ಪರೀಕ್ಷೆ ಮಾತ್ರ ಎಲ್ಲ ತುಂಡುಗಳ ಮೇಲೆ. ತೊದಲುವ ಹುಡುಗನ ಬಳಿ ಇರುವ ತುಂಡು ಬೇರೆ ಯಾರ ಬಳಿಯೂ ಇಲ್ಲ ಎಂದಾದಾಗ ಅವನನ್ನು ಗೇಲಿ ಮಾಡಿ ಲಾಭವಿಲ್ಲ. ಅವನು ಹೇಳುವವರೆಗೆ ಕಾಯಲೇಬೇಕು, ಕೆದಕಿ ಕೇಳಲೇಬೇಕು. ಇದರಲ್ಲಿ ಟೆಕ್ನಾಲಜಿ ಏನೂ ಇರಲಿಲ್ಲ. ಬರೀ ಕಾಗದ.

ನೆರಳು ಅಳೆದ ಕತೆ

ಪ್ರಾಜೆಕ್ಟ್ ಎಂದರೆ ಏನು ಎನ್ನುವುದರಲ್ಲೇ ನಮಗೆ ಗೊಂದಲವಿದೆ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದಾಗ ಅವರ ಮನಸ್ಸಿನಲ್ಲಿ ಇದ್ದದ್ದು, ಮಗು ತಾನೇ ಮನಸ್ಸಿಟ್ಟು, ಒಂದು ಉದ್ದೇಶ ಇಟ್ಟುಕೊಂಡು ಮಾಡುವ ಕೆಲಸ. ಈಗ ಪ್ರಾಜೆಕ್ಟ್ ಎಂದರೆ ಚಾರ್ಟ್ ಪೇಪರು, ಇಂಟರ್ನೆಟ್ಟಿಂದ ಇಳಿಸಿ ಅಂಟಿಸಿದ ಚಿತ್ರ, ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಕೂತ ಅಮ್ಮ. ಮಗು ಅಷ್ಟೊತ್ತಿಗೆ ಮಲಗಿರುತ್ತದೆ. ಅಮ್ಮನಿಗೆ ಮಾತ್ರ ಸೌರಮಂಡಲ ಚೆನ್ನಾಗಿ ಬರುತ್ತದೆ!

ಒಂದು ಸರಳ ಪರೀಕ್ಷೆ ಇದೆ. ಉತ್ತರ ಮೊದಲೇ ಇಂಟರ್ನೆಟ್ಟಲ್ಲಿ ಸಿದ್ಧವಾಗಿದ್ದರೆ ಅದು ಪ್ರಾಜೆಕ್ಟ್ ಅಲ್ಲ, ನಕಲು ಬರವಣಿಗೆ. "ನೆರಳಿನ ಬಗ್ಗೆ ಮಾಹಿತಿ ಸಂಗ್ರಹಿಸಿ" ಎಂದರೆ ನಕಲು. "ನಮ್ಮ ಶಾಲೆಯ ಅಂಗಳದಲ್ಲಿ ನೆರಳು ಎಷ್ಟು ಗಂಟೆಗೆ ಅತಿ ಚಿಕ್ಕದಾಗುತ್ತೆ?" ಎಂದರೆ ಪ್ರಾಜೆಕ್ಟ್. ಏಕೆಂದರೆ ಆ ಅಂಗಳದ ಉತ್ತರ ಯಾವ ಪುಟದಲ್ಲೂ ಬರೆದಿಟ್ಟಿಲ್ಲ.

ನಾಲ್ಕನೇ ಅಥವಾ ಐದನೇ ತರಗತಿಯ ಮಕ್ಕಳು ಇದನ್ನು ಮಾಡುತ್ತಾರೆ ಎಂದುಕೊಳ್ಳಿ. ಒಂದು ಮೀಟರ್ ಉದ್ದದ ನೇರ ಕೋಲು ಬೇಕು, ಟೇಪು ಬೇಕು, ಗಡಿಯಾರ ಬೇಕು. ಒಬ್ಬರು ಕೋಲು ವಾಲದಂತೆ ನೋಡಿಕೊಳ್ಳಬೇಕು. ಇನ್ನೊಬ್ಬರು ನೆರಳಿನ ತುದಿಗೆ ಗುರುತು ಹಾಕಬೇಕು. ಅದು ಹೇಳಿದಷ್ಟು ಸುಲಭ ಅಲ್ಲ, ನೆರಳಿನ ತುದಿ ಮಸುಕಾಗಿರುತ್ತದೆ, "ಇಲ್ಲಿ", "ಅಲ್ಲ, ಇಲ್ಲಿ" ಎಂದು ವಾದ ಶುರುವಾಗುತ್ತದೆ. ಮೂರನೆಯವರು ಅಳತೆ ಓದಬೇಕು. ನಾಲ್ಕನೆಯವರು ಸಮಯ ನೋಡಿ ಬರೆಯಬೇಕು. ನಾಲ್ಕೂ ಕೈ ಬೇಕೇ ಬೇಕು. ಹುಡುಗನಿಗೆ ರಬ್ಬರ್ ಹುಡುಕಲು ಪುರುಸೊತ್ತಿಲ್ಲ.

ಹತ್ತು ಗಂಟೆಗೆ 106 ಸೆಂಟಿಮೀಟರ್. ಹನ್ನೊಂದಕ್ಕೆ 81. ಹನ್ನೆರಡಕ್ಕೆ 74. ಹೀಗೆ ಮಧ್ಯಾಹ್ನದವರೆಗೆ, ನಡುವೆ ಹನ್ನೆರಡರ ಆಸುಪಾಸಿನಲ್ಲಿ ಹತ್ತು ಹತ್ತು ನಿಮಿಷಕ್ಕೊಮ್ಮೆ. ತರಗತಿಗೆ ವಾಪಸ್ ಬಂದು ಈ ಅಂಕಿಗಳನ್ನು ಟ್ಯಾಬಿನಲ್ಲಿ ಸ್ಪ್ರೆಡ್‌ಶೀಟಿಗೆ ಹಾಕುತ್ತಾರೆ. ಗ್ರಾಫ್ ಒತ್ತಿದ ಕೂಡಲೇ ಗೆರೆ ನಿಧಾನಕ್ಕೆ ಇಳಿಯುವ ಬದಲು ಹನ್ನೊಂದು ಗಂಟೆಯ ಹತ್ತಿರ ಬಾವಿಗೆ ಬಿದ್ದ ಹಾಗೆ ಕೆಳಕ್ಕೆ ಹಾರಿ ಮತ್ತೆ ಮೇಲೇಳುತ್ತದೆ.

ಈಗ ನೋಡಿ ಮಜಾ. "ಮೋಡ ಬಂದಿತ್ತಾ?" "ಕೋಲು ಬಿದ್ದಿತ್ತಾ?" "ನೀನು ತಪ್ಪು ಓದಿದೀಯ." "ನಾನಲ್ಲ, ಅವಳು ತಪ್ಪು ಬರೆದಿದ್ದಾಳೆ." ಕೊನೆಗೆ ಪುಸ್ತಕ ತೆಗೆದು ನೋಡುತ್ತಾರೆ. ಪುಸ್ತಕದಲ್ಲಿ 81 ಇದೆ, ಟ್ಯಾಬಿನಲ್ಲಿ 18 ಇದೆ. ಅಂಕಿ ತಿರುಗಾಮುರುಗಾ ಆಗಿದೆ. ಸರಿ ಮಾಡಿದ ಕೂಡಲೇ ಬಾವಿ ಮುಚ್ಚಿಹೋಗುತ್ತದೆ.

ನನಗೆ ಇಡೀ ಪ್ರಾಜೆಕ್ಟಿನಲ್ಲಿ ಇಷ್ಟವಾಗುವ ಕ್ಷಣ ಇದೇ. ಸ್ಪ್ರೆಡ್‌ಶೀಟ್ ಇಲ್ಲಿ ಯಾರಿಗೂ ಪಾಠ ಹೇಳಲಿಲ್ಲ. ತಪ್ಪನ್ನು ಕಣ್ಣಿಗೆ ಕಾಣುವ ಹಾಗೆ ದೊಡ್ಡದು ಮಾಡಿತು. ಕೈಯಲ್ಲಿ ಗ್ರಾಫ್ ಬರೆಯಲು ಒಂದು ಪೀರಿಯಡ್ ಹೋಗುತ್ತಿತ್ತು, ತಪ್ಪು ಸಿಕ್ಕರೆ ಮತ್ತೊಂದು ಪೀರಿಯಡ್. ಇಲ್ಲಿ ಎರಡು ಸೆಕೆಂಡ್. ಉಳಿದ ಸಮಯವೆಲ್ಲ ವಾದಕ್ಕೆ ಸಿಕ್ಕಿತು. (ಹಾಗಂತ ಕೈಯಲ್ಲಿ ಗ್ರಾಫ್ ಬರೆಯುವುದನ್ನು ಬಿಟ್ಟೇಬಿಡಬಾರದು. ಒಂದೆರಡು ಸಲ ಕೈಯಲ್ಲಿ ಬರೆಯದ ಮಗುವಿಗೆ ಆ ಗೆರೆ ಎಲ್ಲಿಂದ ಬಂತು ಎನ್ನುವುದು ಗೊತ್ತಾಗುವುದಿಲ್ಲ.)

ಆಮೇಲೆ ನಿಜವಾದ ಅಚ್ಚರಿ. ನೆರಳು ಅತಿ ಚಿಕ್ಕದಾಗುವುದು ಸರಿಯಾಗಿ ಹನ್ನೆರಡು ಗಂಟೆಗೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಗ್ರಾಫಿನಲ್ಲಿ ಅದು 12 ಗಂಟೆ 20 ನಿಮಿಷದ ಹತ್ತಿರ ಕಾಣಿಸುತ್ತದೆ. "ಮಿಸ್, ಗಡಿಯಾರ ತಪ್ಪಾ?" ಗಡಿಯಾರ ತಪ್ಪಲ್ಲ. ಒಂದು ದೇಶಕ್ಕೋ ಪ್ರಾಂತ್ಯಕ್ಕೋ ಒಂದೇ ಸಮಯ ಇಟ್ಟುಕೊಂಡಿರುತ್ತೇವೆ. ಸೂರ್ಯ ಮಾತ್ರ ಪೂರ್ವದ ಊರಿಗೆ ಮೊದಲು, ಪಶ್ಚಿಮದ ಊರಿಗೆ ಆಮೇಲೆ ನೆತ್ತಿಯ ಕಡೆ ಬರುತ್ತಾನೆ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ ವ್ಯತ್ಯಾಸ. ಇದರ ಜೊತೆಗೆ ವರ್ಷದ ಬೇರೆಬೇರೆ ತಿಂಗಳಲ್ಲಿ ಕೆಲವು ನಿಮಿಷ ಹಿಂದೆಮುಂದೆ ಆಗುತ್ತದೆ. ಅದನ್ನು ಪ್ರಾಥಮಿಕ ಶಾಲೆಯಲ್ಲಿ ಎತ್ತಬೇಕಾಗಿಲ್ಲ.

ದೂರದ ಇನ್ನೊಂದು ಶಾಲೆಯ ಮಕ್ಕಳೂ ಅದೇ ದಿನ ಅಳೆದು ವಿಡಿಯೊ ಕರೆಯಲ್ಲಿ ಸಿಕ್ಕರೆ ವಿಷಯ ಇನ್ನೂ ರುಚಿಯಾಗುತ್ತದೆ. ಎರಡು ಊರಿನ ನೆರಳನ್ನು ಹೋಲಿಸಿಯೇ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ಅವನ ಹತ್ತಿರ ವಿಡಿಯೊ ಕರೆ ಇರಲಿಲ್ಲ, ಅಲ್ವಾ?

ಯಂತ್ರ ಯಾವ ಕೆಲಸಕ್ಕೆ?

ಸಾಧನ ಕೊಟ್ಟುಬಿಟ್ಟರೆ ಕಲಿಕೆ ತಾನಾಗಿ ಬರುತ್ತದೆ ಎನ್ನುವ ನಂಬಿಕೆಯನ್ನು ದೊಡ್ಡ ಪ್ರಮಾಣದಲ್ಲೇ ಪರೀಕ್ಷಿಸಿ ಆಗಿದೆ. ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್ ಎನ್ನುವ ಯೋಜನೆಯನ್ನು ನಿಕೋಲಸ್ ನೆಗ್ರೊಪೊಂಟೆ 2005ರಲ್ಲಿ ಲೋಕದ ಮುಂದಿಟ್ಟರು. ಪೆರು ದೇಶ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. ಅಲ್ಲಿನ 319 ಪ್ರಾಥಮಿಕ ಶಾಲೆಗಳನ್ನು ಹೋಲಿಸಿದ ಅಧ್ಯಯನ 2012ರಲ್ಲಿ ಬಂತು. ಗಣಿತದಲ್ಲೂ ಭಾಷೆಯಲ್ಲೂ ಅಂಕ ಹೆಚ್ಚಿರಲಿಲ್ಲ. ಯೋಚನಾಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಲಾಭ ಕಂಡಿತ್ತು. 2015ರಲ್ಲಿ ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟವಾದ ಓಇಸಿಡಿ ಹೊರತಂದ ವರದಿಯೂ, ಶಾಲೆಗಳ ಕಂಪ್ಯೂಟರಿಗೆ ಹೆಚ್ಚು ಹಣ ಸುರಿದ ದೇಶಗಳಲ್ಲಿ, ಹದಿನೈದು ವರ್ಷದ ಮಕ್ಕಳಿಗೆ ಅದು ನಡೆಸುವ ಪೀಸಾ ಪರೀಕ್ಷೆಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ ಎಂದಿತು.

ಹಾಗಾದರೆ ಯಂತ್ರ ಬೇಡವೇ? ಬೇಕು. ಆದರೆ ಯಾವ ಕೆಲಸಕ್ಕೆ ಎಂದು ಮೊದಲು ಕೇಳಬೇಕು. ಬೋರ್ಡಿನ ಮೇಲೆ ಬರೆಯುತ್ತಿದ್ದದ್ದನ್ನೇ ಪರದೆಯ ಮೇಲೆ ತೋರಿಸಿದರೆ ಬದಲಾಗಿದ್ದು ಬೆಳಕು ಮಾತ್ರ. ಕಣ್ಣಿಗೆ ಕಾಣದಷ್ಟು ಬೇಗ ನಡೆಯುವುದನ್ನು ನಿಧಾನ ಮಾಡಿ ತೋರಿಸುವುದು, ವಾರಗಟ್ಟಲೆ ನಡೆಯುವುದನ್ನು ಬೇಗ ಓಡಿಸಿ ತೋರಿಸುವುದು, ದೂರದವರ ಜೊತೆ ಮಾತಾಡಿಸುವುದು, ತಪ್ಪನ್ನು ಬೈಯದೆ ತೋರಿಸುವುದು: ಇಂಥ ಕೆಲಸ ಯಂತ್ರಕ್ಕೆ ಒಗ್ಗುತ್ತದೆ.

ಕೊನೆಯದಕ್ಕೆ ಲೋಗೊಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸೊಲೊಮನ್, ವಾಲಿ ಫೋಯರ್‌ಝೈಗ್ ಸೇರಿ ಮಕ್ಕಳಿಗಾಗಿಯೇ ಮಾಡಿದ ಪ್ರೋಗ್ರಾಮಿಂಗ್ ಭಾಷೆ ಅದು. ಪರದೆಯ ಮೇಲೆ ಒಂದು ಆಮೆ. ಮುಂದೆ ಹೋಗು, ತಿರುಗು ಎಂದರೆ ಅದು ಗೆರೆ ಎಳೆಯುತ್ತಾ ಹೋಗುತ್ತದೆ. 100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ. ಇದನ್ನೇ ನಾಲ್ಕು ಸಲ ಮಾಡಿದರೆ ಚೌಕ. ಮಕ್ಕಳಿಗೆ ಖುಷಿ. ಈಗ ತ್ರಿಕೋನ ಮಾಡಿ ಎನ್ನಿ. ಮೂರೂ ಬಾಹು ಸಮ ಇರುವ ತ್ರಿಕೋನದ ಕೋನ 60 ಡಿಗ್ರಿ ಎಂದು ಪುಸ್ತಕದಲ್ಲಿ ಓದಿರುತ್ತಾರೆ. 100 ಹೆಜ್ಜೆ, 60 ಡಿಗ್ರಿ, ಮೂರು ಸಲ. ಬರುವುದು ತ್ರಿಕೋನ ಅಲ್ಲ, ಬಾಯ್ತೆರೆದ ಅರ್ಧ ಷಟ್ಕೋನ.

ಆಮೆ ತಪ್ಪು ಎನ್ನುವುದಿಲ್ಲ, ಕೆಂಪು ಗುರುತು ಹಾಕುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಸುಮ್ಮನೆ ನಿಲ್ಲುತ್ತದೆ. ಆಗ ಗುಂಪಿನಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ತಾವೇ ಆಮೆಯಾಗಬೇಕು. ನೆಲದ ಮೇಲೆ ತ್ರಿಕೋನ ನಡೆದು ನೋಡಿದರೆ ಮೂಲೆಯಲ್ಲಿ ಮೈ ಎಷ್ಟು ತಿರುಗುತ್ತದೆ ಎಂದು ಗೊತ್ತಾಗುತ್ತದೆ. ಒಳಗಿನ ಕೋನ 60, ತಿರುಗಬೇಕಾದ್ದು 120. ಈ ವ್ಯತ್ಯಾಸ ಬಾಯಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಲೋಗೊದ ಮೊಮ್ಮಗು ಎನ್ನಬಹುದಾದ ಸ್ಕ್ರ್ಯಾಚ್ 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಹೊರಬಂತು, 8 ವರ್ಷದಿಂದ ಮೇಲಿನವರಿಗೆ. 5ರಿಂದ 7 ವರ್ಷದವರಿಗೆ 2014ರಲ್ಲಿ ಸ್ಕ್ರ್ಯಾಚ್‌ಜೂನಿಯರ್ ಬಂತು. ಅದರಲ್ಲಿ ಓದಲು ಬಾರದ ಮಗುವೂ ಚಿತ್ರದ ತುಂಡುಗಳನ್ನು ಜೋಡಿಸಿ ಕತೆ ಓಡಿಸಬಹುದು.

ಇಂಥ ಕೆಲಸಕ್ಕೆ ಇಬ್ಬರ ಜೋಡಿ ಸಾಕು. ಸಾಫ್ಟ್‌ವೇರ್ ಬರೆಯುವವರಲ್ಲಿ ಒಂದು ಪದ್ಧತಿ ಇದೆ: ಒಬ್ಬರು ಚಾಲಕ, ಇನ್ನೊಬ್ಬರು ದಾರಿ ಹೇಳುವವರು. ಕೀಲಿಮಣೆ ಮುಟ್ಟುವುದು ಚಾಲಕ ಮಾತ್ರ. ದಾರಿ ಹೇಳುವವರು ಬೆರಳಿಟ್ಟು ತೋರಿಸುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ಆರೇಳು ನಿಮಿಷಕ್ಕೊಮ್ಮೆ ಅದಲುಬದಲು. ಮಕ್ಕಳಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. "ಅದನ್ನ ಒತ್ತು" ಎಂದರೆ ಸಾಲದು, "ಕೆಳಗಿನ ನೀಲಿ ತುಂಡನ್ನ ಮೇಲಕ್ಕೆ ತಗೊಂಡು ಹೋಗು" ಎನ್ನಬೇಕು. ಭಾಷೆಯ ಪಾಠವೂ ಆಯಿತು! ಗಡಿಯಾರ ಮಾತ್ರ ಟೀಚರ್ ಕೈಯಲ್ಲಿರಲಿ. ಮಕ್ಕಳ ಕೈಗೆ ಬಿಟ್ಟರೆ ಏಳು ನಿಮಿಷ ಮುಗಿಯುವುದೇ ಇಲ್ಲ.

ಈ ವಯಸ್ಸಿನಲ್ಲಿ ಗುಂಪು ಚಿಕ್ಕದಿದ್ದಷ್ಟೂ ಒಳ್ಳೆಯದು. ಒಂದು ಎರಡನೇ ತರಗತಿಯವರಿಗೆ ಜೋಡಿ, ಆಮೇಲೆ ಮೂವರು, ನಾಲ್ವರು. ಐವರಾದರೆ ಒಬ್ಬರಿಗೆ ಖಂಡಿತ ರಬ್ಬರ್ ಬೀಳುತ್ತದೆ. ಪಾತ್ರಗಳನ್ನು ಪ್ರತಿ ಸಲ ಬದಲಿಸಬೇಕು ಎನ್ನುವುದೂ ಅಷ್ಟೇ ಮುಖ್ಯ. ಇಲ್ಲದಿದ್ದರೆ ಅಕ್ಷರ ಚೆನ್ನಾಗಿರುವ ಹುಡುಗಿ ವರ್ಷವಿಡೀ ಬರೆಯುತ್ತಲೇ ಇರುತ್ತಾಳೆ, ಯಂತ್ರ ಹುಡುಗನ ಕೈಯಲ್ಲೇ ಉಳಿಯುತ್ತದೆ.

ಒಟ್ಟಿಗೆ ಬರೆಯುವ ಆನ್‌ಲೈನ್ ಕಡತಗಳ ಬಗ್ಗೆ ಒಂದು ಮಾತು. ಮೊದಲ ದಿನ ಯಾರೋ ಒಬ್ಬರು ಎಲ್ಲರ ಬರಹವನ್ನೂ ಅಳಿಸುತ್ತಾರೆ. ಬೇಕಂತಲೋ, ಗೊತ್ತಿಲ್ಲದೆಯೋ. ಅಳು, ಕೂಗಾಟ. ಹಿಂದಿನ ಪ್ರತಿಗೆ ಹೋಗುವ ದಾರಿಯನ್ನು ಟೀಚರ್ ಮೊದಲೇ ಕಲಿತಿರಬೇಕು. ಮಕ್ಕಳಿಗೂ ತೋರಿಸಬೇಕು. ಯಾರು ಯಾವಾಗ ಏನು ಬರೆದರು ಎನ್ನುವುದು ಅಲ್ಲಿ ಕಾಣಿಸುತ್ತದೆ ಎಂದು ತಿಳಿದ ಮೇಲೆ ಅಳಿಸುವ ಆಟವೂ ಕಡಿಮೆಯಾಗುತ್ತದೆ. ಹಗ್ಗದ ಲೆಕ್ಕ ನೆನಪಿದೆಯಲ್ಲ, ಇದೂ ಅದೇ.

ಫೋಟೊ ಜೋಡಿಸಿ ಮಾಡುವ ಚಿಕ್ಕ ಸಿನಿಮಾ, ಅಂದರೆ ಸ್ಟಾಪ್ ಮೋಷನ್, ಮಕ್ಕಳಿಗೆ ಬಲು ಇಷ್ಟ. ಮಣ್ಣಿನ ಗೊಂಬೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಒಂದೊಂದು ಫೋಟೊ ತೆಗೆಯುವುದು. ಸೆಕೆಂಡಿಗೆ 12 ಫೋಟೊ ಎಂದರೆ ಅರ್ಧ ನಿಮಿಷದ ಸಿನಿಮಾಕ್ಕೆ 360 ಫೋಟೊ. ಈ ಗುಣಾಕಾರವನ್ನು ಕೆಲಸ ಶುರು ಮಾಡುವ ಮುಂಚೆ ಮಕ್ಕಳ ಕೈಯಲ್ಲೇ ಮಾಡಿಸಿ. "ಹತ್ತು ನಿಮಿಷದ ಸಿನಿಮಾ ಮಾಡ್ತೀವಿ" ಎಂದವರು ತಾವಾಗಿಯೇ ಹತ್ತು ಸೆಕೆಂಡಿಗೆ ಇಳಿಯುತ್ತಾರೆ.

ಅಂಕ, ಮತ್ತು ಒಂದು ಎಚ್ಚರಿಕೆ

ಗುಂಪಿಗೆ ಒಂದೇ ಅಂಕ ಕೊಡುವುದು ಸುಲಭ, ಆದರೆ ಅನ್ಯಾಯ. ದುಡಿದವಳಿಗೂ ರಬ್ಬರ್ ಹುಡುಕಿದವನಿಗೂ ಹತ್ತಕ್ಕೆ ಎಂಟು! ಬೇರೆಬೇರೆ ಅಂಕ ಕೊಡೋಣವೆಂದರೆ ಗುಂಪು ಒಡೆಯುತ್ತದೆ. ನಡುವಿನ ದಾರಿ ಒಂದಿದೆ. ಕೆಲಸ ಮುಗಿದ ಮೇಲೆ ಗುಂಪಿನಲ್ಲಿ ಯಾರನ್ನು ಬೇಕಾದರೂ ಎಬ್ಬಿಸಿ ಕೇಳುತ್ತೇನೆ ಎಂದು ಮೊದಲೇ ಹೇಳುವುದು, ಚೀಟಿ ಎತ್ತಿ ಹೆಸರು ಆರಿಸುವುದು. ಎದ್ದವರು ಹೇಳಿದ್ದೇ ಇಡೀ ಗುಂಪಿನ ಉತ್ತರ. ಆಗ ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿಕೊಡದೆ ವಿಧಿಯಿಲ್ಲ. ಗುಂಪಿನಲ್ಲಿ ಹೆಚ್ಚು ಕಲಿಯುವುದು ವಿವರಿಸಿ ಹೇಳಿದ ಮಗು, ಬರೀ ಉತ್ತರ ಇಸಿದುಕೊಂಡ ಮಗು ಅಲ್ಲ ಎನ್ನುವುದನ್ನು ಶಿಕ್ಷಣ ಸಂಶೋಧಕಿ ನೊರೀನ್ ವೆಬ್ ಅವರ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದ್ದರಿಂದ "ಹೇಳಿಕೊಟ್ಟು ನನ್ನ ಮಗಳ ಸಮಯ ಹಾಳಾಗ್ತಿದೆ" ಎಂದು ಬರುವ ಅಪ್ಪಂದಿರಿಗೆ ಹೇಳಲು ಟೀಚರ್ ಹತ್ತಿರ ಉತ್ತರವಿದೆ.

ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಕಂಡುಕೊಂಡಿದ್ದರು. ಮೂರು ಸೆಕೆಂಡ್ ಏನು ಮಹಾ ಅನ್ನಿಸುತ್ತದೆ. ನಲವತ್ತು ಮಕ್ಕಳ ಮುಂದೆ ನಿಂತು ನೋಡಿದವರಿಗೆ ಗೊತ್ತು ಅದೆಷ್ಟು ಉದ್ದ ಎಂದು.

ಎಚ್ಚರಿಕೆ ಮಕ್ಕಳ ಖಾತೆ, ಫೋಟೊಗಳ ಬಗ್ಗೆ. ಬಹಳಷ್ಟು ಆನ್‌ಲೈನ್ ಸೇವೆಗಳು 13 ವರ್ಷ ತುಂಬಿದವರಿಗೆ ಮಾತ್ರ ಖಾತೆ ಕೊಡುತ್ತವೆ. ಅಮೆರಿಕದಲ್ಲಿ 1998ರಲ್ಲಿ ಬಂದ ಮಕ್ಕಳ ಖಾಸಗಿ ಮಾಹಿತಿಯ ಕಾಯ್ದೆ ಇದರ ಹಿಂದಿರುವ ಕಾರಣ. ಹುಟ್ಟಿದ ವರ್ಷ ಬದಲಿಸಿ ಖಾತೆ ತೆರೆಯಲು ಟೀಚರೇ ಹೇಳಿಕೊಟ್ಟರೆ, ಆ ದಿನ ಮಗು ಕಲಿತದ್ದು ಅದನ್ನೇ. ಶಾಲೆಯ ಖಾತೆ ಇಲ್ಲದಿದ್ದರೆ ಖಾತೆಯೇ ಬೇಡದ ತಂತ್ರಾಂಶ ಹುಡುಕಿ, ಅಥವಾ ಸಾಧನದಲ್ಲೇ ಉಳಿಸಿ. ಪ್ರಾಜೆಕ್ಟಿನ ವಿಡಿಯೊದಲ್ಲಿ ಮುಖ ತೋರಿಸಬೇಕೆಂದೇನೂ ಇಲ್ಲ. ಕೋಲು, ಕೈ, ನೆರಳು ಕಂಡರೆ ಸಾಕು.

ಮನೆಯಲ್ಲಿ ಚಾಟ್‌ಬಾಟ್ ಇರುವ ಮಕ್ಕಳು ಉತ್ತರವನ್ನು ಅಲ್ಲಿಂದಲೇ ತರುತ್ತಾರೆ ಎನ್ನುವ ಚಿಂತೆ ಈಗ ಜೋರಾಗಿದೆ. ಅದಕ್ಕೂ ಅಂಗಳದ ಕೋಲೇ ಉತ್ತರ. ನೆರಳು ಯಾಕೆ ಚಿಕ್ಕದಾಗುತ್ತೆ ಎಂದು ಚಾಟ್‌ಬಾಟ್ ಚೆನ್ನಾಗಿಯೇ ಹೇಳುತ್ತದೆ. ಮಂಗಳವಾರ ಹನ್ನೊಂದು ಗಂಟೆಗೆ ನೆರಳಿನ ತುದಿ ಎಲ್ಲಿತ್ತು ಎನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ಗುರುತು ಹಾಕಿದವಳಿಗೆ, ಮತ್ತು "ಅಲ್ಲ, ಇಲ್ಲಿ" ಎಂದು ಅವಳ ಜೊತೆ ಜಗಳ ಆಡಿದವನಿಗೆ.